ಹೂ ನಿಲ್ಲುವಷ್ಟು ಕೂದಲು

ಉಮರ್ಗಾದಿಂದ ಉದಗೀರದ ತನಕ ದೀಪ ಹಚ್ಚಿಕೊಂಡು ಹುಡುಕಿದರೂ ಯೋಗಿತಾಳ ಜಡೆಯಂಥ ಜಡೆ ಇನ್ನೊಂದು ಸಿಗುತ್ತಿರಲಿಲ್ಲ. ಆಕೆ ತಲೆ ತೊಳೆದು ಮಾಳಿಗೆಯ ಮೇಲೆ ಕೂದಲು ಹರವಿ ಕೂತರೆ, ಮೋಡ ಕವಿಯಿತೆಂದು ಪಕ್ಕದ ಮನೆಯವರು ಒಣಹಾಕಿದ ಸಂಡಿಗೆ ಎತ್ತಿಕೊಂಡು ಒಳಗೆ ಓಡುತ್ತಿದ್ದರು. ಬಾಚಲು ಇಬ್ಬರು, ಹೆಣೆಯಲು ಮೂರನೆಯವರು, ತುದಿ ಹಿಡಿದು ನಿಲ್ಲಲು ನಾಲ್ಕನೆಯವರು ಬೇಕಾಗುತ್ತಿತ್ತು. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಆಕೆಯ ಮಾವ ವಿಶ್ವನಾಥಪ್ಪನನ್ನೇ ಕೇಳಬಹುದು. ಆತ ಉಮರ್ಗಾದ ಪೇಟೆಯಲ್ಲಿ ಐವತ್ತು ವರ್ಷ ಬಟ್ಟೆ ಅಳೆದವನು. ಬಟ್ಟೆಯನ್ನು ಎಳೆದು ಅಳೆದು ಗಿರಾಕಿಗೆ ಒಂದು ನೂಲು ಕಡಿಮೆ ಕೊಟ್ಟ ಪಾಪ ಆತನ ತಲೆಯ ಮೇಲಿಲ್ಲ.

ಇಪ್ಪತ್ನಾಲ್ಕು ವರ್ಷದ ಹಿಂದೆ ಸಾಸ್ತೂರಿಗೆ ಹೆಣ್ಣು ನೋಡಲು ಹೋದಾಗ ಆತನ ಹೆಂಡತಿ ಶಿವಗಂಗಾಬಾಯಿ ಅಂಗಡಿಯ ಕಬ್ಬಿಣದ ಮೀಟರು ಪಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿದ್ದಳು. ಹುಡುಗಿಗೆ ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ ಎಂದು ಕೇಳಲಿಲ್ಲ. ಬೆನ್ನು ತಿರುಗಿಸಿ ನಿಲ್ಲಿಸಿ ಜಡೆ ಅಳೆದಳು. ಒಂದು ಮೀಟರು ಹತ್ತು. ಅಲ್ಲೇ ಸಕ್ಕರೆ ಹಂಚಿದರು. ಅವತ್ತಿನಿಂದ ಆ ಜಡೆ ಬೆಳೆದದ್ದು ಯೋಗಿತಾಳ ತಲೆಯಲ್ಲಿ, ಅದರ ಜಂಬ ಬೆಳೆದದ್ದು ಶಿವಗಂಗಾಬಾಯಿಯ ಬಾಯಲ್ಲಿ.

ಹೋದ ದಸರೆಯ ಹೊತ್ತಿಗೆ ಯೋಗಿತಾಳ ಎಡದ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ಸೋಲಾಪುರದ ದವಾಖಾನೆಯಲ್ಲಿ ಕ್ಯಾನ್ಸರ್ ಅಂದರು. ಆರು ಸಲ ಕಿಮೊ ಏರಿಸಿದರು, ಆಮೇಲೆ ಎದೆ ಕೊಯ್ದು ತೆಗೆದರು, ಆಮೇಲೆ ಜನ ಕರೆಂಟ್ ಎನ್ನುವ ರೇಡಿಯೇಶನ್ ಶಾಖವನ್ನು ಇಪ್ಪತ್ತೈದು ದಿನ ಕೊಟ್ಟರು. ಎರಡನೆಯ ಕಿಮೊಕ್ಕೆ ಮೊದಲೇ ಕೂದಲು ಕತ್ತರಿಸಿಬಿಡಿ ಎಂದು ಡಾಕ್ಟರು ಹೇಳಿದ್ದರು. ಮುತ್ತೈದೆಯ ಜಡೆಗೆ ಕತ್ತರಿ ಹಾಕಬಾರದೆಂದು ಶಿವಗಂಗಾಬಾಯಿ ಅಡ್ಡ ನಿಂತಳು. ಹಾಗಾಗಿ ಜಡೆ ತನಗೆ ತಿಳಿದ ಹಾಗೆ ಹೋಯಿತು: ತಲೆದಿಂಬಿನ ಮೇಲೆ, ಬಚ್ಚಲ ಮೋರಿಯಲ್ಲಿ, ಬೇಳೆಯ ಸಾರಿನಲ್ಲಿ. ಹದಿನೈದು ದಿನ ಆ ಮನೆಯ ಮಂದಿ ಕೂದಲನ್ನೇ ಉಂಡರು.

ಊರಿಗೆ ಹೇಳಿದ್ದು ಟೈಫಾಯ್ಡ್ ಅಂತ. ಟೈಫಾಯ್ಡ್ ಬಂದವರ ಕೂದಲು ಉದುರುವುದು ಎಲ್ಲರಿಗೂ ಗೊತ್ತು. ಆದರೆ ಒಂಬತ್ತು ತಿಂಗಳ ಟೈಫಾಯ್ಡ್ ಉಮರ್ಗಾದ ಮಣ್ಣಿನಲ್ಲಿ ಅದಕ್ಕೆ ಮೊದಲು ಯಾರಿಗೂ ಬಂದಿರಲಿಲ್ಲ. ಮೊದಲು ಬಂದದ್ದು ಟೈಫಾಯ್ಡ್, ಆಮೇಲೆ ಬಂದದ್ದು ತಿರುಗಿದ ಟೈಫಾಯ್ಡ್, ಆಮೇಲಿನದು ತಿರುಗಿದ್ದು ಮತ್ತೆ ತಿರುಗಿದ್ದು. ಮನೆಯಲ್ಲಿ ಇಪ್ಪತ್ತೆರಡು ವರ್ಷದ ಮಗಳಿದ್ದಳು, ವೈಷ್ಣವಿ. ತಾಯಿಗೆ ಎದೆಯ ಕ್ಯಾನ್ಸರ್ ಅಂದರೆ ಮಗಳಿಗೂ ಬರುತ್ತದೆಂದು ಜನ ಹೊಸ್ತಿಲು ತುಳಿಯುವುದಿಲ್ಲ. ಸುಳ್ಳಿನ ಬೇರು ಇರುವುದು ಅಲ್ಲಿ.

ಕಾರ ಹುಣ್ಣಿಮೆಯ ದಿನ ಎಲ್ಲರೂ ಹೋಳಿಗೆ ಉಣ್ಣಲು ಕೂತಾಗ ಉದಗೀರದಿಂದ ಫೋನು ಬಂತು. ಅಲ್ಲಿನ ಕಾಳಿನ ವ್ಯಾಪಾರಿಗಳ ಮನೆ. ಅವರ ತೊಗರಿ ಚೀಲ ಒಂದರ ಮೇಲೊಂದು ಒಟ್ಟಿದರೆ ಉದಗೀರದ ಕೋಟೆ ಕುಳ್ಳಗೆ ಕಾಣುತ್ತಿತ್ತು. ಹುಡುಗ ಋಷಿಕೇಶ ವೈಷ್ಣವಿಯನ್ನು ನೋಡಿಕೊಂಡು ಹೋಗಿ ತಿಂಗಳಾಗಿತ್ತು. ಅವತ್ತು ಯೋಗಿತಾ ಸೋಲಾಪುರದಲ್ಲಿದ್ದಳು. ತವರಿಗೆ ಹೋಗಿದ್ದಾಳೆ, ಟೈಫಾಯ್ಡ್ ಬಂದು ಸೊರಗಿದ್ದಾಳೆ ಎಂದು ಹೇಳಿ ಕಳಿಸಿದ್ದರು. ಈಗ ಹುಡುಗಿ ಒಪ್ಪಿಗೆ ಅಂದರು. ಶ್ರಾವಣದ ಎರಡನೆಯ ಗುರುವಾರ ಸಾಖರಪುಡಾ, ಅಂದರೆ ಸಕ್ಕರೆಯ ಪುಡಿಕೆ ಕೊಟ್ಟು ನಿಶ್ಚಯ ಮಾಡುವ ಶಾಸ್ತ್ರ. ವೈಷ್ಣವಿ ಅರ್ಧ ಹೋಳಿಗೆ ಬಿಟ್ಟು ಮೊಬೈಲು ಹಿಡಿದು ಮಾಳಿಗೆಗೆ ಓಡಿದಳು.

ಶಿವಗಂಗಾಬಾಯಿ ಹೋಳಿಗೆಗೆ ತುಪ್ಪ ಬಿಡುತ್ತಾ ಸೊಸೆಯ ತಲೆ ನೋಡಿದಳು.

"ಪಾಟಿನ ಮ್ಯಾಲ ಯಾರು ಕೂಡೋರು?"

"ಯಾರಂದ್ರ? ಯೋಗಿತಾ ಕೂಡ್ತಾಳ, ಅವ್ವ" ಎಂದ ಶೈಲೇಶ. ಯೋಗಿತಾಳ ಗಂಡ, ಅಂಗಡಿಯಲ್ಲಿ ಇಡೀ ದಿನ ಗಿರಾಕಿಗಳಿಗೆ ಹೌದು ಹೌದು ಅಂದು ಅಂದು ಮನೆಯಲ್ಲೂ ಅಷ್ಟೇ ಮಾತು ಉಳಿದಿದ್ದ ಮನುಷ್ಯ.

"ಹೂವ ಎಲ್ಲಿ ಸಿಗಸ್ತಾರ? ಕಿವ್ಯಾಗ?"

ಸಾಖರಪುಡಾದ ದಿನ ಬೀಗತಿಯರು ಪಾಟು ಎಂಬ ಮಣೆಗಳ ಮೇಲೆ ಎದುರುಬದುರು ಕೂತು ಒಬ್ಬರಿಗೊಬ್ಬರು ಉಡಿ ತುಂಬಬೇಕು. ಅರಿಷಿಣ ಕುಂಕುಮ ಹಚ್ಚಬೇಕು, ಸೆರಗಿಗೆ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಹಾಕಬೇಕು, ಕಡೆಗೆ ತಲೆಗೆ ಗಜರಾ ಮುಡಿಸಬೇಕು. ಗಜರಾ ಮುಡಿಸದೆ ತುಂಬಿದ್ದು ಉಡಿಯಲ್ಲ, ಕಿರಾಣಿ ಸಾಮಾನು. ಶೈಲೇಶ ಸೋಲಾಪುರದಿಂದ ವಿಗ್ ತಂದದ್ದೂ ಆಗಿತ್ತು. ಹಾಕಿದ ಹತ್ತು ನಿಮಿಷಕ್ಕೆ ನೆತ್ತಿಯಲ್ಲಿ ಬೆಂಕಿ ಬಿದ್ದಂತೆ ತುರಿಕೆ. ಹೂವಿನ ಪಿನ್ನು ಸಿಕ್ಕಿಸಿದರೆ ವಿಗ್ಗೇ ಗರ ಗರ ತಿರುಗಿ ಹಿಂದಿನ ಜಡೆ ಮೂಗಿನ ಮುಂದೆ ಬಂದಿತ್ತು. ಅದೀಗ ಅಟ್ಟದ ಮೇಲೆ ಬೆಕ್ಕಿನ ಮರಿಗಳಿಗೆ ಹಾಸಿಗೆಯಾಗಿತ್ತು.

ಶಿವಗಂಗಾಬಾಯಿ ಅಲ್ಲೇ ತೀರ್ಪು ಕೊಟ್ಟಳು. "ಇನ್ನಾ ಏಳು ವಾರ ಅದ. ನಾಲ್ಕು ಬೆರಳ ಕೂದಲಾ ಬಂದ್ರ ಪಿನ್ನು ಹಿಡೀತದ, ನೀ ಕೂಡು. ಬರಲಿಲ್ಲಂದ್ರ ನಿಲಂಗದಿಂದ ಮುಕ್ತಾ ಬಂದು ಕೂಡ್ತಾಳ. ನೀ ಜ್ವರ ಬಂದದಂತ ಮ್ಯಾಲಿನ ಖೋಲ್ಯಾಗ ಮಲಕೊ."

ಮುಕ್ತಾಬಾಯಿ ಶೈಲೇಶನ ಅಕ್ಕ, ನಿಲಂಗಕ್ಕೆ ಕೊಟ್ಟ ಮಗಳು.

"ಆಕಿ ನನ್ನ ಮಗಳು, ಅತ್ತಿ" ಎಂದಳು ಯೋಗಿತಾ.

"ಅದಕ್ಕೇ ಹೇಳ್ಲತ್ತೀನಿ."

ಯೋಗಿತಾ ಶೈಲೇಶನ ಕಡೆ ನೋಡಿದಳು. ಆತ ಹೋಳಿಗೆಯೊಳಗೆ ಹೂರಣ ಎಷ್ಟಿದೆ ಎಂದು ಪರೀಕ್ಷೆ ಮಾಡುತ್ತಿದ್ದ. ಒಂಬತ್ತು ತಿಂಗಳು ವಾಂತಿಯಲ್ಲಿ, ಬಾಯಿಹುಣ್ಣಿನಲ್ಲಿ, ಕರಿಗಟ್ಟಿದ ಉಗುರಿನಲ್ಲಿ ಆಕೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡದ್ದು ಇದೊಂದೇ ದಿನ: ಮಗಳ ನಿಶ್ಚಯದಲ್ಲಿ ಪಾಟಿನ ಮೇಲೆ ತಾನು ಕೂಡಬೇಕು. ಆಯಿತು, ನಾಲ್ಕು ಬೆರಳು ಎಂದಳು.

ಅಲ್ಲಿಂದ ಆ ಮನೆಯಲ್ಲಿ ಸೋಮವಾರಕ್ಕೊಮ್ಮೆ ಅಳತೆ ಶುರುವಾಯಿತು. ಲಿಂಗಪೂಜೆ ಮುಗಿದ ಕೂಡಲೇ ಯೋಗಿತಾ ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ಕೂಡಬೇಕು. ಶಿವಗಂಗಾಬಾಯಿ ಬೆರಳಿಟ್ಟು ಅಳೆಯುತ್ತಿದ್ದಳು. ಬೆರಳಿನ ಮೇಲೆ ಭರವಸೆ ಸಾಲದೆ ವಿಶ್ವನಾಥಪ್ಪ ಮೀಟರು ಪಟ್ಟಿ ಹಿಡಿಯುತ್ತಿದ್ದ. ನಿಲಂಗದಿಂದ ಮುಕ್ತಾಬಾಯಿ ಕ್ರಿಕೆಟ್ ಸ್ಕೋರು ಕೇಳುವವರಂತೆ ಫೋನು ಮಾಡುತ್ತಿದ್ದಳು. ಆಕೆ ಆಗಲೇ ಹೊಸ ಸೀರೆಗೆ ಕುಬಸ ಹೊಲಿಯಲು ಹಾಕಿದ್ದಳು.

ಮೊದಲ ಸೋಮವಾರ ಎರಡೂವರೆ ಬೆರಳು. ಆದರೆ ಒಂದು ತಕರಾರು ಎದ್ದಿತು. ಮೊದಲು ನೀರಿನಂತೆ ನೆಟ್ಟಗೆ ಇಳಿಯುತ್ತಿದ್ದ ಕೂದಲು ಈಗ ಸುರುಳಿ ಸುರುಳಿಯಾಗಿ, ನಡುನಡುವೆ ಬೆಳ್ಳಗೆ ಬರುತ್ತಿತ್ತು. ಒಂದು ಸುರುಳಿ ಹಿಡಿದು ಎಳೆದರೆ ಮೂರು ಬೆರಳು, ಬಿಟ್ಟರೆ ಎರಡೂವರೆ. ಎಳೆದು ಅಳೆಯಿರಿ ಎಂದ ಶೈಲೇಶ. ವಿಶ್ವನಾಥಪ್ಪ ಪಟ್ಟಿ ಕೆಳಗಿಟ್ಟುಬಿಟ್ಟ. ಜಾರ್ಜೆಟ್ಟಿರಲಿ, ಕೂದಲಿರಲಿ, ಎಳೆದು ಅಳೆಯುವ ಧಂದೆ ತನ್ನ ಕೈಯಿಂದ ಆಗದು ಎಂದ. ಶಿವಗಂಗಾಬಾಯಿ ಮದುವೆಯಾದಾಗಿನಿಂದ ಗಂಡನ ಮಾತು ಒಪ್ಪಿದ್ದು ಅದೇ ಮೊದಲ ಸಲ. ಎಳೆಯದೆ ನಾಲ್ಕು ಬೆರಳು ಎಂದು ನಿಯಮವಾಯಿತು.

ಕರೆಂಟ್ ಮುಗಿದ ದಿನ ದವಾಖಾನೆಯ ಮಯೂರಿ ಸಿಸ್ಟರ್ ಎಲ್ಲ ತಿಳಿಸಿ ಹೇಳಿದ್ದಳು. ಕೂದಲು ತಾನಾಗಿ ಬರುತ್ತದೆ, ಬರೀ ಕೊಬ್ಬರಿ ಎಣ್ಣೆ ಸಾಕು, ಬೇರೆ ಏನೂ ಹಚ್ಚಬೇಡಿ. ಕರೆಂಟ್ ಕೊಟ್ಟ ಚರ್ಮಕ್ಕೆ ಬಿಸಿಲು ತಾಗಿಸಬೇಡಿ, ಏನನ್ನೂ ಉಜ್ಜಬೇಡಿ, ಕೊಟ್ಟ ಕ್ರೀಮು ಹಚ್ಚಿ ಸುಮ್ಮನಿರಿ. ಹೊಟ್ಟೆ ತುಂಬ ತಿನ್ನಿ. ಬೇಳೆಕಾಳು, ಶೇಂಗಾ, ಮೊಸರು, ತತ್ತಿ ನಡೆಯುತ್ತದೆಯೇ? ತತ್ತಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ವಿಶ್ವನಾಥಪ್ಪ ದವಾಖಾನೆಯ ಮೂರು ಮಜಲು ಇಳಿದು ರಸ್ತೆಗೆ ಬಂದು ನಿಂತಿದ್ದ.

ಶಿವಗಂಗಾಬಾಯಿಯ ಪ್ರಕಾರ ಸಿಸ್ಟರಿಗೆ ಸೂಜಿ ಚುಚ್ಚಲು ಬರುತ್ತದೆ, ಕೂದಲಿನ ವಿಷಯ ಏನು ಗೊತ್ತು? ಆಕೆ ಹದಿನೇಳು ಬೇರು, ಹನ್ನೊಂದು ಸೊಪ್ಪು ಹಾಕಿ ಎಣ್ಣೆ ಕಾಯಿಸಿದಳು. ಆ ವಾಸನೆಗೆ ಓಣಿಯ ನಾಯಿಗಳು ಗುಂಜೋಟಿಯ ದಾರಿ ಹಿಡಿದವು. ಯೋಗಿತಾ ಅತ್ತೆಯ ಮುಂದೆ ಹಚ್ಚಿಸಿಕೊಂಡು, ಬಚ್ಚಲಿಗೆ ಹೋಗಿ ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರುತ್ತಿದ್ದಳು. ಒರೆಸಿದ ಬಟ್ಟೆಗಳು ದೇವರ ದೀಪದ ಬತ್ತಿಗಾದವು.

ಎಣ್ಣೆಯಿಂದ ತಪ್ಪಿಸಿಕೊಳ್ಳಬಹುದಿತ್ತು, ಊಟದಿಂದ ಆಗಲಿಲ್ಲ. ಕೂದಲು ಬರಲೆಂದು ಶಿವಗಂಗಾಬಾಯಿ ಸೊಸೆಯ ಹೆಸರಲ್ಲಿ ಹರಕೆ ಹೊತ್ತಳು: ಏಳು ಸೋಮವಾರ ಇಬ್ಬರಿಗೂ ಒಪ್ಪತ್ತು, ಉಳಿದ ದಿನ ಸೊಸೆಗೆ ಪಥ್ಯ. ಪಥ್ಯವೆಂದರೆ ಬೇಳೆ ವಾಯು, ಶೇಂಗಾ ಪಿತ್ತ, ಮೊಸರು ಶೀತ. ಉಳಿದದ್ದು ಗಂಜಿ ಮತ್ತು ಅತ್ತೆಯ ಉಪದೇಶ. ಮಿಕ್ಕವರ ತಾಟಿನಲ್ಲಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಪುಂಡಿಪಲ್ಯ, ಗಟ್ಟಿ ಬೇಳೆ. ಯೋಗಿತಾಳ ತಾಟಿನಲ್ಲಿ ಬಿಳಿ ನೀರು. ಆಕೆ ಹುರಿದ ಶೇಂಗಾವನ್ನು ಅರಿಷಿಣದ ಡಬ್ಬಿಯ ಹಿಂದೆ ಮುಚ್ಚಿಟ್ಟು ತಿಂದಳು, ಹೆಸರುಕಾಳು ನೆನೆಸಿ ಬಟ್ಟೆ ಒಗೆಯುವಾಗ ತಿಂದಳು. ನಲವತ್ತೈದು ವರ್ಷದ ಹೆಂಗಸು ತನ್ನ ಮನೆಯಲ್ಲಿ ಶೇಂಗಾ ಕದ್ದಳು.

ಎರಡನೆಯ ವಾರ ಸಿಕ್ಕಿಬಿದ್ದಳು. ಶಿವಗಂಗಾಬಾಯಿ ಡಬ್ಬಿ ತಂದು ಪಡಸಾಲೆಯ ನಡುವೆ ಸುರಿದಳು.

"ನಾ ಉಪಾಸ ಇದ್ದು ಸಾಯ್ಲತ್ತೀನಿ, ಈಕಿ ಶೇಂಗಾ ಮೆಲ್ಲತಾಳ. ದೇವ್ರು ಕೂದಲಾ ಎಲ್ಲಿಂದ ಕೊಡ್ತಾನ?"

"ಸಿಸ್ಟರ್ ತಿನ್ನು ಅಂದಾಳ, ಅತ್ತಿ."

"ಸಿಸ್ಟರ್ ಹೇಳಿದ್ದು ಕೇಳಿ ಲಿಂಗ ಬಿಚ್ಚಿದಿ. ಅದಕ್ಕೇ ಈ ಗತಿ."

ಇದೇ ಹಳೆಯ ಹುಣ್ಣು. ಕರೆಂಟ್ ಕೊಡುವಾಗ ಮೈಮೇಲೆ ಬೆಳ್ಳಿ ಇರಬಾರದೆಂದು ಯೋಗಿತಾ ಕೊರಳಿನ ಲಿಂಗದ ಕರಡಿಗೆ ಬಿಚ್ಚಿ ಶೈಲೇಶನ ಕೈಗೆ ಕೊಡಬೇಕಾಗಿತ್ತು. ಆತ ಇಪ್ಪತ್ತೈದು ದಿನ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಜೇಬಿನ ಮೇಲೆ ಕೈಯಿಟ್ಟು ಹೊರಗೆ ನಿಂತಿದ್ದ. ಹುಟ್ಟಿದ ಮೇಲೆ ಕಟ್ಟಿದ ಲಿಂಗ ಸಾಯುವ ತನಕ ಮೈ ಬಿಡಬಾರದು. ಬಿಟ್ಟವಳ ಕೈಯ ರೊಟ್ಟಿ ತಾನು ಉಣ್ಣುವುದಿಲ್ಲ ಎಂದು ಶಿವಗಂಗಾಬಾಯಿ ಅಂದಿನಿಂದ ತಾನೇ ಒಲೆಯ ಮುಂದೆ ಕೂಡುತ್ತಿದ್ದಳು. ಒಂದೊಂದು ರೊಟ್ಟಿಗೂ ಒಂದೊಂದು ಸಲ ಸೊಂಟ ಹಿಡಿದುಕೊಂಡು, ಮೂರು ಓಣಿಗೆ ಕೇಳುವಂತೆ ನರಳುತ್ತಿದ್ದಳು.

ಶೇಂಗಾ ಸಿಕ್ಕ ದಿನ ಆಕೆ ಸಂದೂಕಿನಿಂದ ತನ್ನ ತಾಯಿಯ ಕಾಲದ ಬೆಳ್ಳಿ ಕರಡಿಗೆ ತೆಗೆದಳು. ಅದು ತೆಂಗಿನಕಾಯಿಯಷ್ಟು ಇತ್ತು, ಎಮ್ಮೆಯ ಕೊರಳಿಗೆ ಕಟ್ಟಿದರೆ ಎಮ್ಮೆ ಬಗ್ಗುತ್ತಿತ್ತು. ಲಿಂಗವನ್ನು ಅದರಲ್ಲಿಟ್ಟು ಹೊಸ ದಾರ ಹಾಕಿ ಸೊಸೆಯ ಕೊರಳಿಗೆ ಕಟ್ಟಿದಳು. ಮೈಯ ಕಾಂತಿಗೆ ಇದೇ ಮದ್ದು ಎಂದಳು. ಕರಡಿಗೆ ಸರಿಯಾಗಿ ಎಡದ ಎದೆ ಇದ್ದ ಜಾಗದ ಮೇಲೆ, ಸುಟ್ಟ ಬದನೆಯ ಸಿಪ್ಪೆಯಂತೆ ಕಪ್ಪಾಗಿ ತೆಳ್ಳಗಾಗಿದ್ದ ಚರ್ಮದ ಮೇಲೆ ಕೂತಿತು. ಯೋಗಿತಾ ಬೇಡ ಅನ್ನಲಿಲ್ಲ. ಲಿಂಗಕ್ಕೆ ಬೇಡ ಅನ್ನುವುದು ಹೇಗೆಂದು ಆಕೆಗೂ ಗೊತ್ತಿರಲಿಲ್ಲ. ಕಸ ಹೊಡೆಯುವಾಗ, ನೀರು ಸೇದುವಾಗ ಅದು ತೂಗಿ ತೂಗಿ ಬಡಿಯಿತು.

ಎಂಟನೆಯ ದಿನ ವೈಷ್ಣವಿ ಬಟ್ಟೆ ಒಗೆಯುವಾಗ ತಾಯಿಯ ಕುಬಸದ ಮೇಲೆ ಕೀವಿನ ಕಲೆ ನೋಡಿದಳು. ಒದ್ದೆ ಕೈಯಲ್ಲಿ ಅದನ್ನು ಹಿಡಿದುಕೊಂಡು ಅಂಗಡಿಗೆ ಹೋಗಿ ಗಿರಾಕಿಗಳ ಮುಂದೆಯೇ ಅಪ್ಪನ ಗಲ್ಲೆಯ ಪೆಟ್ಟಿಗೆಯ ಮೇಲೆ ಇಟ್ಟಳು. ಮರುದಿನ ಸೋಲಾಪುರ. ಮಯೂರಿ ಸಿಸ್ಟರ್ ಗಾಯ ನೋಡಿ, ಶೈಲೇಶನನ್ನು ನೋಡಿ, ನಿಮಗೆ ಕಣ್ಣಿಲ್ಲವೇ ಎಂದು ಕೇಳಿದಳು. ಆತ ಹೌದು ಹೌದು ಅಂದ.

ಲಿಂಗವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಬಲದೋಳಿಗೆ ಕಟ್ಟಿಕೊಂಡು ಯೋಗಿತಾ ಮನೆಗೆ ಬಂದಾಗ ಶಿವಗಂಗಾಬಾಯಿ, ತೋಳಿಗೆ ಕಟ್ಟಲಿಕ್ಕೆ ಇದೇನು ತಾಯತವೇ ಎಂದು ಜಗಳ ತೆಗೆದಳು. ಉಣ್ಣುತ್ತಿದ್ದ ವಿಶ್ವನಾಥಪ್ಪ ತಾಟು ಸರಿಸಿದ.

"ಲಿಂಗ ಮೈಮ್ಯಾಲ ಇರಬೇಕು ಅಂದಾರ. ಗಾಯದ ಮ್ಯಾಲ ಅಂದಿಲ್ಲ. ನಾಳಿಂದ ಸೊಸಿ ತಾಟಿಗೆ ಬ್ಯಾಳಿ ಬಡಸು, ಇಲ್ಲಂದ್ರ ನನಗೂ ಗಂಜಿ ಬಡಸು."

ಮೂರು ದಿನ ಮಾವ ಸೊಸೆ ಇಬ್ಬರೂ ಗಂಜಿ ಕುಡಿದರು. ನಾಲ್ಕನೆಯ ದಿನ ಶಿವಗಂಗಾಬಾಯಿ ಬೇಳೆಯ ಪಾತ್ರೆಯನ್ನು ಸೊಸೆಯ ಮುಂದೆ ನೆಲಕ್ಕೆ ಕುಕ್ಕಿ ಹೋದಳು. ಅದು ಒಪ್ಪಿಗೆ.

ಗಾಯ ಮಾಯಿತು. ಮುಖಕ್ಕೆ ಸ್ವಲ್ಪ ರಕ್ತ ಬಂತು, ಉಗುರಿನ ಕಪ್ಪು ತುದಿಗೆ ಸರಿಯಿತು. ಅಳತೆ ಮೂರಾಯಿತು, ಮೂರೂಕಾಲಾಯಿತು. ವೈಷ್ಣವಿ ಕೂಡ ಸೋಮವಾರ ಸ್ಟೂಲಿನ ಹತ್ತಿರ ನಿಲ್ಲತೊಡಗಿದಳು. ಒಂದು ದಿನ ಬಿಸಿಲು ತಾಗದಂತೆ ತಾಯಿಯ ಕೊರಳಿಗೆ ದುಪಟ್ಟ ಸುತ್ತುತ್ತಾ ಮೆಲ್ಲಗೆ ಹೇಳಿದಳು, ಉದಗೀರದವರು ಕೇಳಿದರೆ ಟೈಫಾಯ್ಡ್ ಎಂದೇ ಹೇಳು, ಋಷಿಕೇಶನಿಗೂ ನಾನು ಹಾಗೇ ಹೇಳಿದ್ದೇನೆ. ಒಂದೇ ಒಂದು ದಿನದ ಮಾತು.

"ಹೇಳ್ತೀನಿ" ಎಂದಳು ಯೋಗಿತಾ. ಮಗಳಿಗಾಗಿ ಆಕೆ ಪ್ಲೇಗು ಬಂದಿತ್ತು ಎಂದೂ ಹೇಳುತ್ತಿದ್ದಳು.

ಕಡೆಯ ಸೋಮವಾರ ಮುಕ್ತಾಬಾಯಿ ನಿಲಂಗದಿಂದ ಹೊಸ ಸೀರೆಯ ಚೀಲದ ಸಮೇತ ಬಂದು ಇಳಿದಿದ್ದಳು. ಶಿವಗಂಗಾಬಾಯಿ ಬೆರಳಿಟ್ಟು ನೋಡಿ ಮೂರೂವರೆ ಎಂದಳು. ಯೋಗಿತಾಳ ತೊಡೆಯ ಮೇಲಿನ ಎರಡೂ ಕೈ ಮುಷ್ಟಿಯಾದವು. ವಿಶ್ವನಾಥಪ್ಪ ಮುಂದೆ ಬಂದು ಪಟ್ಟಿ ಹಚ್ಚಿದ. ಹೆಬ್ಬೆರಳಿನಿಂದ ಸುರುಳಿಯ ತುದಿ ಒತ್ತಿ, ಮೆಲ್ಲಗೆ, ನೋಡುವವರ ಕಣ್ಣಿಗೆ ತಾಗದ ಹಾಗೆ ಕೆಳಗೆ ಜಗ್ಗಿದ. ಐವತ್ತು ವರ್ಷ ಸೂರ್ಯ ಚಂದ್ರರು ಕಾಣದಿದ್ದ ಪಾಪ ಅದು. ನೆತ್ತಿಯ ಚರ್ಮ ಜಗ್ಗಿದ್ದು ಯೋಗಿತಾಳಿಗೆ ತಿಳಿಯಿತು.

"ನಾಲ್ಕು" ಎಂದ ಮುದುಕ. ಪಟ್ಟಿ ತೆಗೆದುಕೊಂಡು ಯಾರ ಮುಖವನ್ನೂ ನೋಡದೆ ಅಂಗಡಿಗೆ ಹೋದ.

ಸಾಖರಪುಡಾದ ದಿನ ಉದಗೀರದಿಂದ ಎಷ್ಟು ಮಂದಿ ಬಂದರೆಂದರೆ ಉಮರ್ಗಾದಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಪಡಸಾಲೆಯಲ್ಲಿ ಎರಡು ಪಾಟು ಹಾಕಿದರು. ಒಂದರ ಮೇಲೆ ಋಷಿಕೇಶನ ತಾಯಿ ಪ್ರಯಾಗಬಾಯಿ ಕೂತಳು, ಇನ್ನೊಂದರ ಮೇಲೆ ಹಸಿರು ರೇಷ್ಮೆ ಸೀರೆಯ ಯೋಗಿತಾ. ಸೆರಗು ತಲೆಯ ಮೇಲಿತ್ತು. ಪ್ರಯಾಗಬಾಯಿ ಹಿತವಾಗಿ ಮಾತಾಡುವ ಹೆಂಗಸು. ಅರಿಷಿಣ ಹಚ್ಚಿದಳು, ಕುಂಕುಮ ಇಟ್ಟಳು, ಉಡಿ ತುಂಬಿದಳು. ಗಜರಾ ತೆಗೆದುಕೊಂಡು ಸೆರಗು ಸರಿಸಿದಳು. 

ಪಿನ್ನು ಹಿಡಿಯಿತು. ಹೂ ನಿಂತಿತು. ಏಳು ವಾರದಲ್ಲಿ ಯೋಗಿತಾ ಮೊದಲ ಸಲ ಪೂರ್ತಿ ಉಸಿರು ಬಿಟ್ಟಳು.

ಆದರೆ ಪ್ರಯಾಗಬಾಯಿಯ ಕೈ ತಲೆಯ ಮೇಲೇ ಉಳಿಯಿತು. ಒಂದು ಸುರುಳಿಯನ್ನು ಬೆರಳಿಗೆ ಸುತ್ತಿ, ಬಿಟ್ಟು, ಮತ್ತೆ ಸುತ್ತಿದಳು.

"ಟೈಫಾಯ್ಡ್ ಅಂದಿದ್ರಿ."

"ಹೌದ್ರೀ ಬೀಗತಿ, ಭಾರೀ ಟೈಫಾಯ್ಡ್. ಡಾಕ್ಟರೇ ಅಂಜಿದ್ರು" ಎಂದು ಶಿವಗಂಗಾಬಾಯಿ ಹಿಂದಿನಿಂದ ಬಂದಳು.

"ಫೋಟೋದಾಗ ಇವರ ಜಡಿ ನೋಡೀನಿ. ನೆಟ್ಟಗ ಇತ್ತು." ಪ್ರಯಾಗಬಾಯಿ ದನಿ ಏರಿಸಲಿಲ್ಲ. "ನಮ್ಮ ಅಣ್ಣನ ಹೆಂಡ್ತಿಗೂ ಹೀಂಗೇ ಬಂದಿತ್ತು, ಕುರಿ ತುಪ್ಪಟ ಇದ್ದಂಗ. ಯೋಗಿತಾಬಾಯಿ, ನೀವು ಹೇಳ್ರಿ. ಯಾವ ದವಾಖಾನಿ?"

ಯೋಗಿತಾ ತಲೆ ಎತ್ತಿದಳು. ವೈಷ್ಣವಿ ಒಳಗಿನ ಬಾಗಿಲಲ್ಲಿ ನಿಂತು, ಬೇಡ ಎಂದು ತಲೆಯನ್ನು ಇಷ್ಟೇ ಇಷ್ಟು ಆಡಿಸುತ್ತಿದ್ದಳು. ಶೈಲೇಶ ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡಿದ್ದ. ಟೈಫಾಯ್ಡ್ ಎಂಬ ಮಾತು ಯೋಗಿತಾಳ ನಾಲಿಗೆಯ ಮೇಲೆ ಸಿದ್ಧವಿತ್ತು. ಆದರೆ ಬೇರೆಯವಳ ಬೆರಳು ಆ ಕೂದಲಿನೊಳಗೆ ಇತ್ತು, ಮತ್ತು ಆ ಬೆರಳಿಗೆ ಎಲ್ಲ ಗೊತ್ತಿತ್ತು.

"ಸೋಲಾಪುರದ್ದು" ಎಂದಳು. "ಎದಿ ಕ್ಯಾನ್ಸರ್ ಆಗಿತ್ತು. ಈಗ ಇಲ್ಲ."

"ಆಕೀನೂ ಹಂಗೇ ಅಂತಿದ್ಲು" ಎಂದಳು ಪ್ರಯಾಗಬಾಯಿ. ಗಜರಾ ಸರಿಪಡಿಸಿ, ಸೆರಗು ಎಳೆದು ಮುಚ್ಚಿದಳು.

ಶಾಸ್ತ್ರ ನಿಲ್ಲಲಿಲ್ಲ. ವೈಷ್ಣವಿಗೆ ಸೀರೆ ಕೊಟ್ಟರು, ಸಕ್ಕರೆಯ ಪುಡಿಕೆ ಕೊಟ್ಟರು. ಈ ಮನೆಯವರು ಋಷಿಕೇಶನಿಗೆ ಉಂಗುರ ತೊಡಿಸಿದರು. ಉದಗೀರದವರು ಪಂಕ್ತಿಯಲ್ಲಿ ಕೂತು ಜಿಲೇಬಿ ಉಂಡರು, ಇನ್ನೊಂದು ಬಡಿಸಿಕೊಂಡು ಉಂಡರು, ಕೈ ಮುಗಿದು ಹೋದರು. ನಾಲ್ಕನೆಯ ದಿನ ಉಂಗುರ ಒಂದು ಡಬ್ಬಿಯಲ್ಲಿ ಉದಗೀರದ ಬಸ್ಸಿನಲ್ಲಿ ಬಂತು. ಹಿಂದೆಯೇ ಹುಡುಗನ ತಂದೆಯ ಫೋನು: ಮುಂದಿನ ಎರಡು ವರ್ಷ ಒಂದೂ ಮುಹೂರ್ತ ಸಿಗುತ್ತಿಲ್ಲ, ನೀವು ಬೇರೆ ಸ್ಥಳ, ಬೇರೆ ಸಂಬಂಧ ನೋಡಿಕೊಳ್ಳಿ, ನಮ್ಮ ಸೀರೆ ಸಕ್ಕರೆ ನಿಮಗೇ ಇರಲಿ. ಋಷಿಕೇಶನ ಮೊಬೈಲು ಮೊದಲ ದಿನವೇ ಬಂದ್ ಆಗಿತ್ತು.

ಆ ರಾದ್ಧಾಂತವನ್ನು ಹೇಳಲು ಸಾವಿರ ನಾಲಿಗೆ ಸಾಲದು. ಮುಕ್ತಾಬಾಯಿ, ತಾನು ಕೂತಿದ್ದರೆ ಹೀಗಾಗುತ್ತಿತ್ತೇ ಎಂದು ಹದಿನಾಲ್ಕು ಸಲ ಕೇಳಿ ನಿಲಂಗದ ಬಸ್ಸು ಹತ್ತಿದಳು. ಶಿವಗಂಗಾಬಾಯಿ ಸೊಸೆಯ ನಾಲಿಗೆಗೆ ಶಾಪ ಹಾಕಿದಳು. ಆಮೇಲೆ ಏನೋ ಹೊಳೆದು, ಕೂದಲನ್ನು ಮತ್ತೆ ಬೆರಳಿಟ್ಟು ಅಳೆದಳು. ನಾಲ್ಕಾಗಿರಲಿಲ್ಲ.

"ಐವತ್ತು ವರ್ಷ ಗಿರಾಕಿಗೆ ಎಳೀಲಿಲ್ಲ, ಸೊಸಿಗೆ ಎಳದ್ರಿ. ಮಮ್ಮಗಳ ಬಾಳೇ ಹರಿದ್ರಿ" ಎಂದಳು ಗಂಡನಿಗೆ.

ವಿಶ್ವನಾಥಪ್ಪ ಅವತ್ತಿನಿಂದ ಅಂಗಡಿಯಲ್ಲಿ ಬಟ್ಟೆ ಅಳೆಯುವುದನ್ನು ಬಿಟ್ಟ. ಶೈಲೇಶ ಅಳೆದದ್ದನ್ನು ಮಡಚುತ್ತಾ ಕೂತ. ವೈಷ್ಣವಿ ತಾಯಿಯೊಂದಿಗೆ ಮಾತು ಬಿಟ್ಟಳು. ಒಂದೇ ಮನೆಯಲ್ಲಿ ಇದ್ದು ಉಪ್ಪು ಬೇಕಾದರೂ ಅಜ್ಜಿಯ ಮೂಲಕ ಕೇಳುತ್ತಿದ್ದಳು. ಉದಗೀರದವರ ಸಕ್ಕರೆಯನ್ನು ಚೆಲ್ಲಲು ಮನಸ್ಸಾಗದೆ ಶಿವಗಂಗಾಬಾಯಿ ಚಹಕ್ಕೆ ಹಾಕಿದಳು. ಇಡೀ ಭಾದ್ರಪದ ಆ ಮನೆಯವರು ಮುರಿದ ನಿಶ್ಚಯವನ್ನು ದಿನಕ್ಕೆರಡು ಸಲ ಕುಡಿದರು.

ಗಣೇಶ ಚೌತಿಯಾದ ಮೇಲೆ ಮುಕ್ತಾಬಾಯಿ ನಿಲಂಗದಿಂದ ಒಂದು ಹೊಸ ಸ್ಥಳ ತಂದಳು. ಹುಡುಗನಿಗೆ ಒಂದು ಕಿವಿ ಸ್ವಲ್ಪ ಮಂದ, ಉಳಿದದ್ದೆಲ್ಲ ಚಿನ್ನ. ಚಹ ಕುಡಿಯುವಾಗ ಶಿವಗಂಗಾಬಾಯಿ ಯೋಜನೆ ಬಿಚ್ಚಿದಳು. ಉದಗೀರದವರಿಗೆ ಗೊತ್ತಾದದ್ದು ಸುರುಳಿಯಿಂದ. ಸುರುಳಿಯೇ ಇಲ್ಲದಿದ್ದರೆ?

"ತಲಿ ಪೂರಾ ಬೋಳಿಸ್ಕೊ. ಶ್ರೀಶೈಲ ಮಲ್ಲಯ್ಯಗ ಮುಡಿ ಕೊಟ್ಟಾಳಂತ ಹೇಳೂಣು. ಬೋಳು ತಲಿ ಅಂದ್ರ ಹೂವಿನ ಮಾತೇ ಬರಂಗಿಲ್ಲ, ಮ್ಯಾಲ ಭಕ್ತಿ ಅಂತಾರ."

ಏಳು ವಾರ ಬೆರಳಿಟ್ಟು ಅಳೆದವಳ ಬಾಯಿ ಅದು. ಶೈಲೇಶ ಹೌದು ಎನ್ನಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಚಹ ಕುಡಿದ. ಅಷ್ಟರಲ್ಲಿ ವೈಷ್ಣವಿ, ಐದು ವಾರದ ಮೇಲೆ ಮೊದಲ ಸಲ, ತಾಯಿಯೊಂದಿಗೆ ಮಾತಾಡಿದಳು.

"ಬೋಳಿಸ್ಕೊ ಮಮ್ಮಿ. ಮತ್ತ ಬರ್ತದ ಅಲಾ."

ಯೋಗಿತಾ ಕಪ್ಪು ಕೆಳಗಿಟ್ಟಳು. ಮಗಳನ್ನು ನೋಡಿದಳು. ಉತ್ತರ ಕೊಟ್ಟದ್ದು ಅತ್ತೆಗೆ.

"ಕೊಯ್ಯೋದೆಲ್ಲಾ ಕೊಯ್ದಾರ, ಅತ್ತಿ. ಇದನ್ನ ಕೊಡಂಗಿಲ್ಲ."

ಶಿವಗಂಗಾಬಾಯಿ ಅತ್ತಳು, ಎದೆ ಬಡಿದುಕೊಂಡಳು, ಉಪವಾಸ ಬಿದ್ದಳು. ಯೋಗಿತಾ ಎದ್ದು ಕುಂಡದಲ್ಲಿದ್ದ ಒಂದು ಶಾವಂತಿಗೆ ಕಿತ್ತು ಪಿನ್ನು ಚುಚ್ಚಿ ತಲೆಗೆ ಮುಡಿದಳು. ಸೆರಗು ಹೊದೆಯದೆ ಅಂಗಡಿಗೆ ಹೋಗಿ, ಮಾವ ಬಿಟ್ಟ ಮೀಟರು ಪಟ್ಟಿ ಹಿಡಿದು ಗಲ್ಲೆಯ ಪಕ್ಕ ಕೂತಳು. ಯಾರು ಕೇಳಿದರೂ ಕಾಯಿಲೆಯ ಹೆಸರು ಹೇಳಿದಳು. ಸುದ್ದಿ ಉದಗೀರದ ಬಸ್ಸಿಗಿಂತ ಮೊದಲು ಉದಗೀರ ಮುಟ್ಟಿತು, ನಿಲಂಗ ದಾಟಿತು, ಮಾಕಣಿಯ ಡ್ಯಾಮಿನ ನೀರಿನಲ್ಲೂ ಸೇರಿತು. ನಿಲಂಗದ ಮಂದ ಕಿವಿಯ ಹುಡುಗನಿಗೂ ಕೇಳಿಸಿತು. ಮೂರು ತಾಲೂಕಿನಿಂದ ಸ್ಥಳ ಬರುವುದು ನಿಂತಿತು. ಒಂದು ಮಧ್ಯಾಹ್ನ ಗುಂಜೋಟಿಯ ಒಬ್ಬ ಹೆಂಗಸು ಬೇಡದ ಒಂದು ಮೀಟರು ಅರಿವೆ ಹರಿಸಿಕೊಂಡು, ಅಂಗಡಿ ಖಾಲಿಯಾಗುವ ತನಕ ಕೂತು, ಸೆರಗಿನೊಳಗೆ ಕೈಯಿಟ್ಟುಕೊಂಡು, ಯಾವ ದವಾಖಾನೆ ಎಂದು ಕೇಳಿದಳು. ಯೋಗಿತಾ ಬರೆದುಕೊಟ್ಟಳು. ಅಳೆಯುವಾಗ ಎಳೆಯಲಿಲ್ಲ.

ದೀಪಾವಳಿಯ ಹೊತ್ತಿಗೆ ಕೂದಲು ಕಿವಿ ಮುಚ್ಚಿತು. ಮೀಟರು ಪಟ್ಟಿ ಮನೆಗೆ ಬರುವುದು ನಿಂತು ಎಷ್ಟೋ ದಿನವಾಗಿತ್ತು. ಒಂದು ಸಂಜೆ ಯೋಗಿತಾ ಬಗ್ಗಿ ಕರ್ಚಿಕಾಯಿಗೆ ಹಿಟ್ಟು ನಾದುತ್ತಿದ್ದಾಗ ತಲೆಯ ಶಾವಂತಿಗೆ ಕಳಚಿ ನೆಲಕ್ಕೆ ಬಿತ್ತು. ಆಕೆಯ ಕೈ ಹಿಟ್ಟಾಗಿತ್ತು. ನೀರು ಕುಡಿಯಲು ಬಂದ ವೈಷ್ಣವಿ ಅದನ್ನು ಎತ್ತಿಕೊಂಡಳು. ತಾಯಿಯ ಬೆನ್ನ ಹಿಂದೆ ಸ್ವಲ್ಪ ಹೊತ್ತು ನಿಂತಳು. ಯೋಗಿತಾ ನಾದುವುದನ್ನು ನಿಲ್ಲಿಸಿ, ತಲೆ ಅಲ್ಲಾಡಿಸದೆ ಕಾದಳು.

ವೈಷ್ಣವಿ ಹೂವನ್ನು ಮುಡಿಸಲಿಲ್ಲ, ಎಸೆಯಲೂ ಇಲ್ಲ. ತಾನು ಕುಡಿದು ಬಿಟ್ಟ ನೀರಿನ ಲೋಟದಲ್ಲಿ ಅದನ್ನು ಇಟ್ಟು, ಲೋಟವನ್ನು ತಾಯಿಯ ಕೈಗೆ ಎಟುಕದಷ್ಟು ದೂರ ಸರಿಸಿ ಹೊರಗೆ ಹೋದಳು.